ಎದೆಯಲ್ಲೇನೂ ಇಲ್ಲ

ಪರದೆ ಸರಿಸಿದ ಕೂಡಲೇ ಅವನಿಗೆ ರೋಗ ಗೊತ್ತಾಗಿಹೋಯಿತು: ಕುಡಿತ. ಹಾಸಿಗೆಯ ಮೇಲಿದ್ದ ಮುದುಕಿಯ ಮೂಗು ನೇರಳೆಗಟ್ಟಿತ್ತು. ಕಣ್ಣು ಕೆಂಡ. ಬಾಯಿ ಒಂದು ಕಡೆಗೆ ತುಸು ವಾಲಿತ್ತು.

ವೈದ್ಯ ಪದವಿಯ ಕೊನೆಯ ಪರೀಕ್ಷೆಗೆ ಅವನು ಕೂತದ್ದು ಇದು ಮೂರನೇ ಸಲ. ನಾಲ್ಕನೆಯದಕ್ಕೆ ಅವಕಾಶವಿರಲಿಲ್ಲ. ಪರೀಕ್ಷಕರು ಹೊರಗಿನವರು, ಅವರ ಮುಖ ಯಾರೂ ಕಂಡಿರಲಿಲ್ಲ. ಅಂಥದ್ದರಲ್ಲಿ ಇಂಥವಳು ಗಂಟುಬಿದ್ದಿದ್ದಳು. ಬರಬೇಕಿದ್ದ ರೋಗಿ ಕೈಕೊಟ್ಟರೆಂದೂ, ಅದೇ ಕಾಯಿಲೆಯ ಇನ್ನೊಬ್ಬರು ಆ ಜಾಗದಲ್ಲಿ ಮಲಗಿದ್ದಾರೆಂದೂ ನರ್ಸ್ ಹೊರಗೆ ಯಾರಿಗೋ ಹೇಳುತ್ತಿದ್ದಳು. ಯಾವ ಸಾರಾಯಿ ಅಂಗಡಿಯ ಮೆಟ್ಟಿಲ ಮೇಲಿಂದ ಎಬ್ಬಿಸಿ ತಂದರೋ!

ಹಾಸಿಗೆಯ ಬುಡದಲ್ಲಿ ಕೋಟು ತೊಟ್ಟವರೊಬ್ಬರು ಹಾಳೆ ಹಿಡಿದು ಕೂತಿದ್ದರು. ಅವರಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ. ಮುದುಕಿಯ ಕಡೆ ಬೆರಳಾಡಿಸಿದ.

"ಎಷ್ಟು ವರ್ಷದಿಂದ ಕುಡೀತೀಯ?"

"ನಾನು ಕುಡಿಯಲ್ಲಪ್ಪ. ಕಣ್ಣಿಗೆ ಬೆಳಕು ಚುಚ್ಚುತ್ತೆ, ಅಷ್ಟೇ."

ಅವನು ಕೋಟಿನವರತ್ತ ನೋಡಿ ನಕ್ಕ. ಅವರು ನಗಲಿಲ್ಲ.

ತಣ್ಣನೆಯ ಸ್ಟೆತಸ್ಕೋಪನ್ನು ಬೆನ್ನಿಗೊತ್ತಿದ. ಬೆಚ್ಚಿಬಿದ್ದರೂ ಅವಳು ಅವನ ಕೈಗೆ ಅನುಕೂಲವಾಗಲೆಂದು ಇತ್ತ ಸರಿದಳು. ಉಸಿರು ಸ್ವಚ್ಛ. ಹಾಸಿಗೆಯ ಪಕ್ಕದಲ್ಲಿಟ್ಟಿದ್ದ ಎದೆಯ ಎಕ್ಸ್-ರೇ ಕೂಡ ಸ್ವಚ್ಛ. ಅವಳು ಮಾತ್ರ ಒಂದೊಂದನ್ನೇ ತೆಗೆದಳು: ಎರಡು ಸಲ ಮೂತ್ರಪಿಂಡದಲ್ಲಿ ಕಲ್ಲು, ಮೊಣಕಾಲ ಕೆಳಗೆ ಮುಟ್ಟಿದರೆ ನೋಯುವ ಕೆಂಪು ಗಂಟು, ಆಗಾಗ ತಾಳ ತಪ್ಪುವ ಎದೆಬಡಿತ. ಲೋಕದ ಕಾಯಿಲೆಯೆಲ್ಲ ತನಗೊಬ್ಬಳಿಗೇ ಬಂದಿದೆ ಎನ್ನುವ ಪೈಕಿ, ಎಂದುಕೊಂಡು ಅವನು ಆಕಳಿಸಿದ.

"ಕಾಲು ಒಂದ್ಸಲ ನೋಡಲ್ವಾ ಮಗಾ? ಇನ್ನೂ ಐದು ನಿಮಿಷ ಇದೆ," ಎಂದಳು ಮೆಲ್ಲಗೆ.

"ಸುಮ್ನೆ ಮಲ್ಕೋ. ನನ್ ಕೆಲಸ ನನಗೆ ಹೇಳಿಕೊಡಬೇಡ."

ಮುದುಕಿ ನಿಟ್ಟುಸಿರಿಟ್ಟು, ಹೊದಿಕೆಯನ್ನು ತಾನೇ ಎಳೆದುಕೊಂಡಳು.

ಅವನು ಅವಳಿಗೆ ಬೆನ್ನು ಮಾಡಿ, ಕೋಟಿನವರ ಮುಂದೆ ನೆಟ್ಟಗೆ ನಿಂತ. "ಮೂಗು ನೋಡಿ ಸಾರ್ಕಾಯ್ಡೋಸಿಸ್ ಇರಬಹುದಾ ಅಂತ ಒಂದು ಕ್ಷಣ ಅನ್ನಿಸ್ತು ಸರ್. ಆದ್ರೆ ಅದು ಶ್ವಾಸಕೋಶದ ಕಾಯಿಲೆ. ಎದೆಯಲ್ಲೇನೂ ಇಲ್ಲ ಅಂದ್ಮೇಲೆ ಆ ಮಾತೇ ಬರಲ್ಲ. ಇದು ಬರೀ ಕುಡಿತ. ಮಿಕ್ಕಿದ್ದು ನಾಟಕ."

ಕೋಟಿನವರು ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಎದ್ದು, ಅವನನ್ನು ದಾಟಿ ಹಾಸಿಗೆಯ ತಲೆಯ ಬಳಿಗೆ ಹೋಗಿ ಕೈಕಟ್ಟಿ ನಿಂತರು.

"ಮೂಗು, ಕಣ್ಣು, ಮೂತ್ರಪಿಂಡ, ಕಾಲು, ಹೃದಯ ಎಲ್ಲ ಹಿಡಿದಿದ್ರೂ ಶ್ವಾಸಕೋಶ ಒಂದು ಬಿಟ್ಟಿರೋದ್ರಿಂದ ನಿಮಗಿರೋದು ಸಾರ್ಕಾಯ್ಡೋಸಿಸ್ ಅಲ್ವಂತೆ, ಪ್ರೊಫೆಸರ್. ಅಂಕ ಎಷ್ಟು ಅಂತ ಬರ್ಕೊಳ್ಳಲಿ?"