ಹೊಗೆಸೊಪ್ಪು ಮುಟ್ಟಿದ ಕೈ

ಬಸ್ಸಿನಲ್ಲಿ ಪಕ್ಕದವರು ಹೊಗೆಸೊಪ್ಪು ತಿಕ್ಕತೊಡಗಿದರೆ ಈಗಲೂ ನಾನು ನನ್ನ ಬೆರಳುಗಳನ್ನು ಮೂಸಿ ನೋಡಿಕೊಳ್ಳುತ್ತೇನೆ.

ಶಿಡ್ಲಘಟ್ಟದ ಹತ್ತಿರದ ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಹೊಗೆಸೊಪ್ಪು ತಾಗಿದರೆ ಹುಳು ಸಾಯುತ್ತದೆಂದು, ಅದನ್ನು ಅಗಿಯುತ್ತಿದ್ದ ಅಜ್ಜಿ ಹುಳುಮನೆಯ ಹೊಸಿಲು ತುಳಿಯುತ್ತಿರಲಿಲ್ಲ. ಚೆನ್ನಾಗಿದ್ದಾಗ ಚಿಕ್ಕಮ್ಮನ ಜಡೆಗೆ ತಾನೇ ಹೂ ಮುಡಿಸುತ್ತಿದ್ದ ಚಿಕ್ಕಪ್ಪ, ಒಂದು ಸಲ ಜಗಳವಾಡಿ ಹನ್ನೊಂದು ದಿನ ಅವಳೊಡನೆ ಮಾತು ಬಿಟ್ಟು ಹುಳುಮನೆಯಲ್ಲೇ ಉಳಿದುಬಿಟ್ಟಿದ್ದ. "ಅವರಪ್ಪನ ಹಂಗೇ ಕಣಮ್ಮ, ಸಿಟ್ಟು ಬಂದ್ರೆ ಬಾಯಿ ಹೊಲ್ಕೊಂಡ್ಬಿಡ್ತಾನೆ" ಎನ್ನುತ್ತಿದ್ದಳು ಅಜ್ಜಿ. ಚಿಕ್ಕಮ್ಮ ಬಾಗಿಲಲ್ಲಿ ನಿಂತು ಕರೆದಷ್ಟೂ ಅವನು ಬೆನ್ನು ತಿರುಗಿಸಿ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ.

ಹನ್ನೊಂದನೆಯ ದಿನ ಮಧ್ಯಾಹ್ನ ಅವನು ತೋಟಕ್ಕೆ ಹೋಗಿದ್ದಾಗ ಚಿಕ್ಕಮ್ಮ, "ಅಜ್ಜಿ ಚೀಲದಿಂದ ಒಂಚೂರು ಹೊಗೆಸೊಪ್ಪು ತಗೊಂಬಾರಮ್ಮ" ಎಂದಳು. ತಂದುಕೊಟ್ಟೆ. ಅವಳು ಅದನ್ನು ಪುಡಿಮಾಡಿ ಹುಳುಗಳ ಮೇವಿನ ಮೇಲೆ ಉದುರಿಸಿದಳು.

ಚಿಕ್ಕಪ್ಪ ಬರುವಷ್ಟರಲ್ಲಿ ಎಲ್ಲ ತಟ್ಟೆಗಳಲ್ಲೂ ಹುಳುಗಳು ಹೊರಳಾಡುತ್ತಾ ಹಸಿರು ನೀರು ಕಕ್ಕುತ್ತಿದ್ದವು. ಚಿಕ್ಕಮ್ಮ ಅಲ್ಲೇ ಕೂತಿದ್ದಳು.

"ಬೈಯಿ, ಬೇಕಾದ್ರೆ ಹೊಡಿ. ಒಂದ್ ಮಾತಾಡು, ಸಾಕು."

ಅವನು ಸತ್ತ ಹುಳುಗಳನ್ನೂ ಸಾಯುತ್ತಿದ್ದವುಗಳನ್ನೂ ಒಟ್ಟಿಗೇ ಮಂಕರಿಗೆ ಸುರಿದ. ಅವಳು ಒಂದು ಮಾರು ದೂರದಲ್ಲೇ ಇದ್ದರೂ ನನ್ನ ಕಡೆ ತಿರುಗಿ, "ನಿಮ್ ಚಿಕ್ಕಮ್ಮನಿಗೆ ಹೇಳಮ್ಮ, ಕೈ ತೊಳ್ಕೊಳ್ಳಲಿ" ಎಂದ. ಅವಳು ನನ್ನ ಮುಖವನ್ನೇ ನೋಡುತ್ತಾ, ನಾನು ಹೇಳುವವರೆಗೂ ಕಾದಳು. ಹೇಳಿದೆ. ಆಮೇಲೆ ಎದ್ದು ಹೋಗಿ ತೊಳೆದುಕೊಂಡಳು.

ನನಗೆ ಕೈ ತೊಳ್ಕೊ ಎಂದು ಯಾರೂ ಹೇಳಲಿಲ್ಲ.