ಆಟಕ್ಕೆ ಬೆನ್ನು ಹಾಕಿ ನಿಂತವನು

ಇದು ಎಲ್ಲಿಂದಲೋ ಹಾರಿ ಬಂದ ಫಾರ್ವರ್ಡ್ ಅಲ್ಲ ಸ್ನೇಹಿತರೇ... ನಾನೇ ಕಣ್ಣಾರೆ ಕಂಡದ್ದು. ಸಮಾಧಾನವಾಗಿ ಓದಿ.

ನಮ್ಮ ಅತ್ತೆ ಪುಟ್ಟನಂಜಮ್ಮನವರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಮಾವನವರು ಭದ್ರಾವತಿಯಲ್ಲಿ ಕಾರ್ಖಾನೆ ಟೀಮಿನ ಗೋಲ್‌ಕೀಪರ್ ಆಗಿದ್ದವರು. ಅವರು ತೀರಿಕೊಂಡ ಮೇಲೂ ಅತ್ತೆ ಟಿವಿಯಲ್ಲಿ ಒಂದು ಮ್ಯಾಚ್ ಬಿಟ್ಟವರಲ್ಲ.

ನನ್ನದೋ ಪ್ಲೈವುಡ್ ಅಂಗಡಿ... ಆಫ್‌ಸೈಡ್ ಅಂದರೆ ಏನೆಂದು ಇವತ್ತಿಗೂ ಗೊತ್ತಿಲ್ಲ!

ಈ ಸಲ ನಮ್ಮ ಕಡೆಯ ಟೀಮ್ ಕೇರಳಕ್ಕೆ ಆಡಲು ಹೊರಟಿತ್ತು. ಅತ್ತೆ ಹಟ ಹಿಡಿದರು. ಹೆಂಡತಿ ನನ್ನನ್ನೇ ಜೊತೆಗೆ ಅಟ್ಟಿದಳು.

"ಟಿಕೆಟ್ ಗೋಲ್ ಹಿಂದೇನೇ ತಗೊಳ್ಳಿ ಅಳಿಯಂದ್ರೆ. ನಮ್ಮನೆಯವ್ರು ಆಡೋವಾಗ ನಾನು ಅಲ್ಲೇ ಕೂರ್ತಿದ್ದಿದ್ದು" ಅಂದರು ಅತ್ತೆ. ಆಯಿತು, ಅಲ್ಲೇ ತೆಗೆದುಕೊಂಡೆ.

ಒಳಗೆ ಕಾಲಿಟ್ಟ ಮೇಲೆ ಗೊತ್ತಾಯಿತು ನಾನು ಮಾಡಿದ ತಪ್ಪು...

ಗೋಲ್ ಹಿಂದಿನ ಗ್ಯಾಲರಿ ಎಂದರೆ ಆ ಊರಿನ ಕಟ್ಟಾ ಅಭಿಮಾನಿಗಳ ಜಾಗವಂತೆ! ಅಲ್ಲಿ ಯಾರೂ ಕೂರುವುದಿಲ್ಲ. ಆಟ ಮುಗಿಯುವವರೆಗೂ ಡ್ರಮ್, ಹಾಡು, ಕುಣಿತ. ಎಲ್ಲಿ ನೋಡಿದರೂ ಹಸಿರು ಜೆರ್ಸಿ.

ನಡುವೆ ನಮ್ಮ ಅತ್ತೆಯ ಹೆಗಲ ಮೇಲೆ ನಮ್ಮ ಟೀಮಿನ ನೇರಳೆ ಶಾಲು!

ಎಲ್ಲರ ಮುಂದೆ, ಕಬ್ಬಿಣದ ಕಂಬಿಯ ಮೇಲೆ ಹತ್ತಿ ನಿಂತಿದ್ದ ಗಡ್ಡದ ಯುವಕನೊಬ್ಬ ಮೈಕಿನಲ್ಲಿ ಹಾಡು ಹೇಳಿಕೊಡುತ್ತಿದ್ದ. ಅವನ ಮುಖ ನಮ್ಮ ಕಡೆ... ಬೆನ್ನು ಮೈದಾನದ ಕಡೆ.

ಅವನ ಕಣ್ಣು ಶಾಲಿನ ಮೇಲೆ ಬಿತ್ತು. ನಮ್ಮತ್ತ ಬೆರಳು ತೋರಿಸಿ ಮಲಯಾಳದಲ್ಲಿ ಏನೋ ಗುಡುಗಿದ. ನೂರಾರು ತಲೆಗಳು ಒಟ್ಟಿಗೆ ತಿರುಗಿದವು.

ನಾಲ್ವರು ದಾಂಡಿಗರು ಬಂದು ನಮ್ಮ ಸುತ್ತ ನಿಂತರು. ಇಬ್ಬರು ಹಿಂದೆ, ಇಬ್ಬರು ಮುಂದೆ.

"ಅತ್ತೆ, ಶಾಲು ತೆಗೀರಿ... ಹೊರಗೆ ಹೋಗಿಬಿಡೋಣ" ಎಂದೆ.

"ನಾನ್ಯಾಕ್ರೀ ತೆಗೀಲಿ? ನಾವೇನು ಕದ್ಕೊಂಡು ಬಂದಿದೀವಾ?" ಎಂದ ಅತ್ತೆ, ಆ ದಾಂಡಿಗರಲ್ಲೇ ಒಬ್ಬನನ್ನು ಕರೆದು ಕೈಸನ್ನೆ ಮಾಡಿ, "ನೀರಿದ್ಯೇನಪ್ಪ?" ಎಂದು ಕೇಳಿದರು. ಅವನು ತನ್ನ ಬಾಟಲಿಯನ್ನೇ ಕೊಟ್ಟ.

ನನಗೆ ಮಾತ್ರ ನಂಬಿಕೆ ಬರಲಿಲ್ಲ. ಯಾವಾಗ ಏನಾಗುತ್ತೋ ಎಂದು ಅತ್ತೆಯ ಕೈ ಬಿಗಿಹಿಡಿದೇ ನಿಂತೆ.

ಆಟ ಮುಗಿಯುವ ಹೊತ್ತು. ಎರಡೂ ಕಡೆ ಗೋಲಿಲ್ಲ...

ಇದ್ದಕ್ಕಿದ್ದಂತೆ ನಮ್ಮ ಎದುರಿನ ಗೋಲಿಗೇ ಹಸಿರು ಟೀಮಿನವನೊಬ್ಬ ಚೆಂಡು ನುಗ್ಗಿಸಿದ!

ಇಡೀ ಗ್ಯಾಲರಿಗೆ ಹುಚ್ಚು ಹಿಡಿಯಿತು. ಮೇಲಿದ್ದವರೆಲ್ಲ ಮೆಟ್ಟಿಲಿಳಿದು ಕಂಬಿಯ ಕಡೆ ನುಗ್ಗಿದರು. ನಮ್ಮ ಸುತ್ತ ನಿಂತಿದ್ದ ನಾಲ್ವರೂ ಸಂತೋಷದಲ್ಲಿ ನಮ್ಮನ್ನು ಮರೆತು ಹಾರಿದರು. ಅವರೂ ಮನುಷ್ಯರೇ ತಾನೇ...

ಆ ನೂಕಾಟದಲ್ಲಿ ಅತ್ತೆಯ ಕೈ ನನ್ನ ಕೈಯಿಂದ ಜಾರಿತು.

ಅವರು ಎರಡು ಸಾಲುಗಳ ನಡುವೆ ಬಿದ್ದರು. ಮೇಲೆ ಕಾಲುಗಳು... ಬರೀ ಕಾಲುಗಳು. "ಅತ್ತೇ!" ಎಂದು ಕಿರುಚಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ಹೆಂಡತಿಗೆ ಏನು ಹೇಳಲಿ, ಯಾವ ಮುಖ ಹೊತ್ತು ಊರಿಗೆ ಹೋಗಲಿ ಎಂದು ಎದೆ ಒಡೆಯಿತು.

ಆಗ...

ಡ್ರಮ್ ನಿಂತಿತು.

ಆ ಗಡ್ಡದ ಯುವಕ ಎರಡೂ ಕೈ ಮೇಲೆತ್ತಿ ನಿಂತಿದ್ದ. ಡ್ರಮ್ ನಿಂತರೆ ಇದ್ದವರು ಇದ್ದಲ್ಲೇ ನಿಲ್ಲಬೇಕು ಎಂಬುದು ಆ ಗ್ಯಾಲರಿಯ ಕಟ್ಟಳೆಯಂತೆ. ಗೋಲಿನ ಸಂಭ್ರಮದ ನಡುವೆಯೂ ಅಷ್ಟೂ ಜನ ನಿಂತರು!

ಅವನು ಕಂಬಿಯಿಂದ ಜಿಗಿದು, ದಾರಿ ಬಿಡಿಸಿಕೊಂಡು ಬಂದು, ಅತ್ತೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಹೊರಗಿನ ಮೆಟ್ಟಿಲಿನ ಮೇಲೆ ಕೂರಿಸಿ ಗಾಳಿ ಹಾಕಿದ. ಒಳಗೆ ಆಟ ಮುಗಿದ ಸೀಟಿ ಕೇಳಿಸಿತು.

"ಹೆದರ್ಬೇಡಿ ಅಮ್ಮ, ಎಂತ ಆಗ್ಲಿಲ್ಲ" ಎಂದ. ಕನ್ನಡ! ಅವನ ಹೆಸರು ನೌಫಲ್, ಕಾಸರಗೋಡಿನ ಕುಂಬಳೆಯವನು.

ದೇವರು ದೊಡ್ಡವನು. ಪಾದ ಉಳುಕಿದ್ದು ಬಿಟ್ಟರೆ ಅತ್ತೆಗೆ ಏನೂ ಆಗಿರಲಿಲ್ಲ.

"ಮೊದಲು ನಮ್ಮನ್ನು ತೋರಿಸಿ ಮೈಕಲ್ಲಿ ಏನು ಕೂಗಿದ್ದಪ್ಪ ನೀನು?" ಎಂದು ಕೇಳಿದೆ.

"ಅದಾ? ಅಮ್ಮ ನಮ್ಮ ಮನೆಗೆ ಬಂದ ನೆಂಟರು, ಅವ್ರಿಗೊಂದು ಗೀರು ಸಹ ಬೀಳ್ಬಾರ್ದು, ನಾಲ್ಕು ಜನ ಹೋಗಿ ಸುತ್ತ ನಿಲ್ಲಿ ಅಂತ ಹೇಳಿದ್ದು. ಮೈಕಲ್ಲಿ ಎಂತ ಹೇಳಿದ್ರೂ ಬೈದ ಹಾಗೇ ಕೇಳ್ತದೆ ಮಾರಾಯ್ರೆ!" ಎಂದು ನಕ್ಕ.

ನಾನು ತಲೆ ತಗ್ಗಿಸಿ ಅವನಿಗೆ ಕೈ ಮುಗಿದೆ.

ಅವನು ಹಣೆಯ ಬೆವರು ಒರೆಸಿಕೊಂಡು ಅತ್ತೆಯ ಪಕ್ಕ ಕುಳಿತು ಮೆಲ್ಲಗೆ ಕೇಳಿದ...

"ಅಮ್ಮ... ಗೋಲ್ ಹಾಕಿದ್ದು ಯಾರು?"

ಅವನು ನೋಡೇ ಇರಲಿಲ್ಲ! ಅಷ್ಟೂ ಹೊತ್ತು ಅವನ ಬೆನ್ನಿದ್ದದ್ದು ಮೈದಾನದ ಕಡೆ... ಕಣ್ಣಿದ್ದದ್ದು ನಮ್ಮ ಕಡೆ.

ಅತ್ತೆಯ ಕಣ್ಣು ತುಂಬಿ ಬಂತು. ಸೋತದ್ದು ನಮ್ಮ ಟೀಮು. ಆದರೂ ಅವನ ಕೈ ಹಿಡಿದುಕೊಂಡು ಹೇಳಿದರು:

"ನಿಮ್ಮ ಹತ್ತನೇ ನಂಬರಿನವನು ಕಣಪ್ಪ. ಇಬ್ಬರನ್ನ ದಾಟ್ಕೊಂಡು ಬಂದ... ಎಡಗಾಲಲ್ಲಿ ಒದ್ದ... ನಮ್ ಕೀಪರ್ ಬಲಕ್ಕೆ ಹಾರಿದ, ಬಾಲು ಎಡಕ್ಕೆ ಹೋಯ್ತು. ನಮ್ಮನೆಯವ್ರಿದ್ರೂ ತಡೆಯೋಕಾಗ್ತಿರ್ಲಿಲ್ಲ... ಅಷ್ಟು ಚೆಂದದ ಗೋಲು!"

ನೌಫಲ್ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು.

"ಇಷ್ಟು ವರ್ಷ ಆ ಕಂಬಿ ಮೇಲೆ ನಿಂತಿದ್ದೇನೆ ಅಮ್ಮ... ನಮ್ಮ ಒಂದು ಗೋಲೂ ಸರಿಯಾಗಿ ನೋಡ್ಲಿಲ್ಲ. ಇವತ್ತು ನೋಡಿದ ಹಾಗಾಯ್ತು."

*ನಾವು ನಿಶ್ಚಿಂತೆಯಿಂದ ಆಟ ನೋಡುತ್ತಿದ್ದೇವೆ ಎಂದರೆ, ಯಾರೋ ಒಬ್ಬರು ಆಟ ಬಿಟ್ಟು ನಮ್ಮನ್ನು ನೋಡುತ್ತಿದ್ದಾರೆ ಎಂದರ್ಥ.*

ನಿಮ್ಮ ಬದುಕಿನಲ್ಲಿ ಹಾಗೆ ಬೆನ್ನು ಹಾಕಿ ನಿಂತವರು ಯಾರು...? ಅವರು ನೋಡದೇ ಹೋದ ಗೋಲಿನ ಕಥೆಯನ್ನು ಪಕ್ಕದಲ್ಲಿ ಕುಳಿತು ಒಮ್ಮೆಯಾದರೂ ಹೇಳಿದ್ದೀರಾ?