ಚಿಲ್ಲರೆಯೊಳಗಿನ ಚಾರ್ಮಿನಾರ್

ಆ ಚಾರ್ಮಿನಾರ್ ನಾಣ್ಯ ನನಗೆ ಕಿರಾಣಿ ಅಂಗಡಿಯ ಚಿಲ್ಲರೆಯಲ್ಲಿ ಸಿಕ್ಕಿತೆಂದು ಮನೆಯವರೆಲ್ಲ ಇಂದಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಡುಗೆಮನೆಯಲ್ಲಿ ಲವಂಗದ ಡಬ್ಬಿ ತೆರೆದಾಗಲೆಲ್ಲ ನನ್ನ ತಕರಾರು ಮತ್ತೆ ಏಳುತ್ತದೆ.

ತೊಂಬತ್ತರ ದಶಕದ ಬಸವಕಲ್ಯಾಣ. ಚಿಲ್ಲರೆಯಲ್ಲಿ ಬರುವ ಹಳೆಯ ನಾಣ್ಯಗಳನ್ನು ಆರಿಸಿಡುವುದು ಅಣ್ಣನ ಹುಚ್ಚು. ಅವನ ಡಬ್ಬಿಯಲ್ಲಿ ಕಮಲದ ಚಿತ್ರದ ಹಿತ್ತಾಳೆಯ ಇಪ್ಪತ್ತು ಪೈಸೆಗಳಿದ್ದವು. ನನ್ನ ಬಳಿ ಒಂದೂ ಇರಲಿಲ್ಲ.

“ನಿನ್ನ ಕೈಗಿ ಬರೇ ಹೊಸಾ ರೊಕ್ಕನೇ ಬರ್ತದ,” ಎಂದು ಕಾಡುತ್ತಿದ್ದ.

ಒಂದು ಮಧ್ಯಾಹ್ನ ಬೆಲ್ಲ ತಂದು, ಉಳಿದ ಚಿಲ್ಲರೆಯನ್ನು ಅಜ್ಜಿಗೆ ಕೊಟ್ಟೆ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳು ಎಲೆಅಡಿಕೆಯ ಸಂಚಿ ಬಿಚ್ಚಿ, ಒಂದು ಲವಂಗ ಬಾಯಿಗೆ ಹಾಕಿಕೊಂಡು, ಚಿಲ್ಲರೆಯನ್ನು ಮರಳಿ ನನ್ನ ಅಂಗೈಗೆ ಸುರಿದಳು.

“ಛಂದಾಗಿ ನೋಡವಾ, ಅಂಗಡ್ಯಾವ ಖೋಟಾ ಏನರೆ ಕೊಟ್ಟಾನೇನು.”

ನೋಡಿದರೆ, ನಡುವೆ ನಿಜಾಮನ ಕಾಲದ ಚಾರ್ಮಿನಾರ್. ಅಂಗಳದ ತುಂಬ ಕುಣಿದೆ. ಅಣ್ಣ ಇಡೀ ಡಬ್ಬಿ ಕೊಡುತ್ತೇನೆಂದರೂ ನಾನು ಬಿಡಲಿಲ್ಲ.

“ನಸೀಬ ಬೇಕಪಾ, ನಸೀಬ,” ಎಂದು ಆಯಿ ಅವನಿಗೆ ಹೇಳಿ ನಕ್ಕಳು.

ಸರಿ, ಅದು ಅಂಗಡಿಯವನ ಗಲ್ಲಾದಿಂದಲೇ ಬಂತೆಂದು ಇಟ್ಟುಕೊಳ್ಳೋಣ. ಹಂಗಾದ್ರ ಹೇಳ ಆಯಿ, ಅದೊಂದಕ್ಕೇ ನಿನ್ನ ಸಂಚ್ಯಾಗಿನ ಲವಂಗದ ವಾಸನಿ ಹ್ಯಾಂಗ ಬಂತು?